ಒಂದು ಹಾಳೆ, ಒಂದು ಗಿಡ್ಡ ಪೆನ್ಸಿಲ್: ಫಿಶ್ ಅಭಿಮಾನಿಗಳಿಗೆ ಸುದ್ದಿ, ಸ್ಪರ್ಧೆ ನಡೆಸಿದ ನನ್ನ ಅನುಭವ

ಪೆನ್ಸಿಲಿನಿಂದಲೇ ಶುರು ಮಾಡುತ್ತೇನೆ. ಐದು ವರ್ಷಕ್ಕೂ ಹೆಚ್ಚು ಕಾಲ ನನ್ನ ಸ್ಪರ್ಧೆ ಕುಂಟಿದ್ದು ಪೆನ್ಸಿಲ್ ಇಲ್ಲದ್ದಕ್ಕೆ. ಅಂಕದ ಲೆಕ್ಕ ಸರಿಯಿಲ್ಲ ಅಂದುಕೊಂಡೆ. ಬಹುಮಾನ ಸಾಲದು ಅಂದುಕೊಂಡೆ. ಹಾಳೆಯ ಬಣ್ಣ ಬದಲಾಯಿಸಿದೆ. ಕೊನೆಗೆ ನೋಡಿದರೆ, ಶೋಗೆ ಬರುವವರ ಜೇಬಿನಲ್ಲಿ ಟಿಕೆಟ್ ಇರುತ್ತದೆ, ಫೋನ್ ಇರುತ್ತದೆ, ಇಯರ್‌ಪ್ಲಗ್ ಇರುತ್ತದೆ. ಬರೆಯೋಕೆ ಮಾತ್ರ ಏನೂ ಇರುವುದಿಲ್ಲ.

ನಾನು ಮಾಡುವುದು ಇಷ್ಟು. ರಾತ್ರಿಗೊಂದು ಹಾಡಿನ ಪಟ್ಟಿ ಬದಲಾಯಿಸುವ ಅಮೆರಿಕದ ರಾಕ್ ತಂಡ ಫಿಶ್ ಒಂದೇ ಜಾಗದಲ್ಲಿ ಮೂರು, ನಾಲ್ಕು ರಾತ್ರಿ ನುಡಿಸುವಾಗ ದಿನಕ್ಕೊಂದು ಹಾಳೆ ಅಚ್ಚು ಹಾಕಿಸಿ ಬಾಗಿಲ ಹೊರಗೆ ಹಂಚುತ್ತೇನೆ. ಮುಂದಿನ ಬದಿಯಲ್ಲಿ ನಿನ್ನೆಯ ಸೆಟ್‌ಲಿಸ್ಟ್ (ನುಡಿಸಿದ ಹಾಡುಗಳ ಪಟ್ಟಿ), ಪ್ರತಿ ಹಾಡಿನ ಗ್ಯಾಪ್ (ಅದು ಹಿಂದಿನ ಸಲ ಬಂದು ಎಷ್ಟು ಶೋ ಆಯಿತು ಅನ್ನುವ ಲೆಕ್ಕ), ಕಳೆದುಹೋದ ಸಾಮಾನು, ವಾಪಸ್ ಹೋಗೋಕೆ ಕಾರಿನಲ್ಲಿ ಜಾಗ ಇರುವವರು. ಹಿಂದಿನ ಬದಿಯಲ್ಲಿ, ಇವತ್ತು ಯಾವ ಹಾಡು ಬರುತ್ತದೆ ಅಂತ ಊಹಿಸಿ ಬರೆದು ಹರಿದುಕೊಡುವ ಕೂಪನ್. ಏಳು ಖಾಲಿ ಗೆರೆ: ಒಂದು ಓಪನರ್‌ಗೆ (ಶೋ ಶುರುವಾಗುವ ಹಾಡು), ಒಂದು ಎನ್ಕೋರ್‌ಗೆ (ಕೊನೆಗೆ ಮತ್ತೆ ವೇದಿಕೆಗೆ ಬಂದು ನುಡಿಸುವ ಹಾಡು), ಉಳಿದ ಐದು ಎಲ್ಲಿ ಬೇಕಾದರೂ ಬರಬಹುದಾದ ಹಾಡಿಗೆ. ಫಲಿತಾಂಶ ಮರುದಿನದ ಹಾಳೆಯಲ್ಲಿ.

ಇದನ್ನು ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. ನನ್ನ ಗೆಳತಿ, ನನ್ನ ಜೊತೆ ಹತ್ತಾರು ಶೋ ನೋಡಿದವಳು, "ಈ ಕಾಲದಲ್ಲಿ ಪೇಪರ್ ಯಾರು ತಗೋತಾರೆ ಕಣೇ? ಎಲ್ಲ ಫೋನಲ್ಲೇ ಇದೆಯಲ್ಲ" ಅಂದಳು. ನಮ್ಮ ಯಜಮಾನರು "ಎರಡು ದಿನ ನೋಡ್ತಿರು, ಎಲ್ಲ ಕಸದ ಡಬ್ಬಿಗೆ ಹೋಗುತ್ತೆ" ಅಂದರು. ಫೋನಿನಲ್ಲಿ ಇಂಥದ್ದೇ ಸ್ಪರ್ಧೆ ನಡೆಸುತ್ತಿದ್ದ ಇಬ್ಬರು ಪರಿಚಯದವರು ನನ್ನ ಮೇಲೆ ಮರುಕ ಪಟ್ಟರು. ಅವರ ಸ್ಪರ್ಧೆಯಲ್ಲಿ ಈಗ ಎಷ್ಟು ಜನ ಉಳಿದಿದ್ದಾರೆ ಅಂತ ನಾನು ಕೇಳಲು ಹೋಗಿಲ್ಲ.

ಶುರುವಾಗಿದ್ದು 2011ರ ಸೆಪ್ಟೆಂಬರ್‌ನಲ್ಲಿ, ಕೊಲೊರಾಡೋದ ಕಾಮರ್ಸ್ ಸಿಟಿಯ ಡಿಕ್ಸ್ ಸ್ಪೋರ್ಟಿಂಗ್ ಗೂಡ್ಸ್ ಪಾರ್ಕ್‌ನಲ್ಲಿ. ತಂಡ ಅಲ್ಲಿ ನುಡಿಸಿದ್ದು ಅದೇ ಮೊದಲು. ಅರವತ್ತು ಹಾಳೆ ಕೈಯಲ್ಲಿ ಹಿಡಿದು ಲಾಟ್‌ನಲ್ಲಿ, ಅಂದರೆ ಶೋಗೆ ಮುಂಚೆ ಅಭಿಮಾನಿಗಳು ಸೇರುವ ಪಾರ್ಕಿಂಗ್ ಜಾಗದಲ್ಲಿ, ಓಡಾಡಿದೆ. ಹತ್ತೊಂಬತ್ತು ಕೂಪನ್ ವಾಪಸ್ ಬಂತು. ಆ ರಾತ್ರಿ ಏನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ: ಬಂದ ಹಾಡೆಲ್ಲ ಇಂಗ್ಲಿಷಿನ ಎಸ್ ಅಕ್ಷರದಿಂದಲೇ ಶುರು. ಏಳರಲ್ಲಿ ಎರಡು ಸರಿ ಮಾಡಿದವನೇ ನನ್ನ ಮೊದಲ ವಿಜೇತ. ಬೇಸರಕ್ಕಿಂತ ಖುಷಿಯೇ ಜಾಸ್ತಿ ಆಗಿತ್ತು. ಈ ತಂಡ ತಾನೇ ಕೇಳುಗರ ಜೊತೆ ಆಟ ಆಡುತ್ತದೆ. 1995ರ ಶರತ್ಕಾಲದ ಪ್ರವಾಸದಲ್ಲಿ ವೇದಿಕೆ ಮೇಲೆ ಚೆಸ್ ಹಲಗೆ ತೂಗುಹಾಕಿ, ಶೋ ಶೋಗೂ ತಂಡದ್ದೊಂದು ನಡೆ, ಪ್ರೇಕ್ಷಕರದ್ದೊಂದು ನಡೆ ಅಂತ ಆಡಿದವರಲ್ವಾ. ಒಂದು ಆಟ ತಂಡ ಗೆದ್ದಿತು, ಇನ್ನೊಂದನ್ನು ಪ್ರೇಕ್ಷಕರು ಗೆದ್ದರು. ಇಂಥವರ ಅಭಿಮಾನಿಗಳಿಗೆ ಸ್ಪರ್ಧೆ ಬೇಡ ಅಂದರೆ ನಾನು ಹೇಗೆ ನಂಬಲಿ?

ಮರುವರ್ಷ ಅಲ್ಲೇ, ಮೊದಲ ರಾತ್ರಿಯ ಹಾಡುಗಳ ಮೊದಲಕ್ಷರ ಕೂಡಿಸಿದರೆ ಒಂದು ಬೈಗುಳ ಆಗುತ್ತಿತ್ತು. ಮರುದಿನದ ಹಾಳೆಯಲ್ಲಿ ನಾನು ಹಾಡುಗಳನ್ನು ಒಂದರ ಕೆಳಗೊಂದು ಬರೆದು, ಮೊದಲಕ್ಷರ ದಪ್ಪ ಮಾಡಿದೆ. ಅಷ್ಟೇ. ಆವತ್ತು ಮೊದಲ ಸಲ ಜನ ನನ್ನನ್ನು ಹುಡುಕಿಕೊಂಡು ಬಂದರು. ನಿನ್ನೆ ಕಿವಿಯಲ್ಲಿ ಕೇಳಿದ್ದನ್ನು ಇವತ್ತು ಕೈಯಲ್ಲಿ ಹಿಡಿದು ನೋಡುವ ಆಸೆ ಎಲ್ಲರಿಗೂ ಇದೆ. ನನ್ನ ಇಡೀ ಕೆಲಸ ನಿಂತಿರುವುದು ಈ ಒಂದು ವಿಷಯದ ಮೇಲೆ.

ಇನ್ನು ಹಣದ ಕಥೆ. ಮೊದಮೊದಲು ಕೂಪನ್‌ಗೆ 5 ಡಾಲರ್ ಇಟ್ಟಿದ್ದೆ. ಅಂಕ ಸಮ ಆದರೆ ಚೀಟಿ ಎತ್ತುತ್ತಿದ್ದೆ. ಒಂದು ರಾತ್ರಿ 42 ಜನ ಕೊಟ್ಟರು, 210 ಡಾಲರ್. ಕಾನೂನು ಓದಿದ ಒಬ್ಬರು ಹಾಳೆ ನೋಡಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ದುಡ್ಡು ತಗೊಂಡು, ಅದೃಷ್ಟದ ಮೇಲೆ, ಬಹುಮಾನ ಕೊಟ್ಟರೆ ಅದು ಲಾಟರಿ. ಅಮೆರಿಕದಲ್ಲಿ ಲಾಟರಿ ನಡೆಸೋಕೆ ನಾನು ಯಾರು? ಆವತ್ತು ರಾತ್ರಿಯೇ ಹುಡುಕಿ ಹುಡುಕಿ ದುಡ್ಡು ವಾಪಸ್ ಕೊಟ್ಟೆ. ಆರು ಜನ ಸಿಗಲಿಲ್ಲ. ಆ 30 ಡಾಲರನ್ನು ಮಾಕಿಂಗ್‌ಬರ್ಡ್ ಫೌಂಡೇಶನ್‌ಗೆ ಕಳಿಸಿದೆ. ಅದು ಅಭಿಮಾನಿಗಳೇ 1996ರಲ್ಲಿ ಕಟ್ಟಿದ ಸಂಸ್ಥೆ, ಸಂಬಳದವರು ಒಬ್ಬರೂ ಇಲ್ಲ, ಮಕ್ಕಳ ಸಂಗೀತ ಶಿಕ್ಷಣಕ್ಕೆ ನೆರವು ಕೊಡುತ್ತದೆ. ಅಲ್ಲಿಂದ ಇಲ್ಲಿಯವರೆಗೆ ನನ್ನ ಸ್ಪರ್ಧೆಗೆ ಪ್ರವೇಶ ಶುಲ್ಕ ಇಲ್ಲ. ಸಮ ಆದರೆ ಇಬ್ಬರಿಗೂ ಬಹುಮಾನ. ಚೀಟಿ ಎತ್ತುವುದು ನಿಂತೇಹೋಯಿತು.

ಬಹುಮಾನದಲ್ಲೂ ಸುಮಾರು ದುಡ್ಡು ಕಳೆದೆ. ಟಿಕೆಟ್ ಇಟ್ಟರೆ ಗೆದ್ದವನು ಮಾರಿಕೊಂಡ. ಆ ಶೋನ ಪೋಸ್ಟರ್ ಇಟ್ಟರೆ ನಾನೇ ಮಧ್ಯಾಹ್ನದಿಂದ ಸಾಲಿನಲ್ಲಿ ನಿಲ್ಲಬೇಕು. ಕೊಂಡ ಮೇಲೆ ಕೊಳವೆಯಲ್ಲಿ ಸುತ್ತಿ ಅಂಚೆಗೆ ಹಾಕಿದರೆ ದಾರಿಯಲ್ಲಿ ಅಪ್ಪಚ್ಚಿ. ಹಾಗೆ ಮೂರು ಪೋಸ್ಟರ್ ಹಾಳಾದವು, ಮೂರಕ್ಕೂ ನಾನೇ ಬೇರೆ ಕೊಂಡುಕೊಟ್ಟೆ. 2016ರ ಕೊನೆಗೆ ಲೆಕ್ಕ ಹಾಕಿದಾಗ ಕೈಯಿಂದ ಹೋಗಿದ್ದು 1,400 ಡಾಲರ್ ಸುಮಾರು. ವಿಮಾನದ ಟಿಕೆಟ್ ಇದರಲ್ಲಿ ಸೇರಿಲ್ಲ.

ಅಂಕದ ಲೆಕ್ಕ ಮೂರು ಸಲ ಬದಲಾಯಿತು. ಸರಿಯಾದ ಹಾಡಿಗೆ ಒಂದು ಅಂಕ ಅಂದರೆ ಎಲ್ಲರೂ ಅವೇ ಹತ್ತು ಹಾಡು ಬರೆಯುತ್ತಾರೆ. ಗ್ಯಾಪ್ ಎಷ್ಟೋ ಅಷ್ಟೇ ಅಂಕ ಅಂತ ಮಾಡಿದೆ. ನೂರಾರು ಶೋನಿಂದ ಬಾರದ ಒಂದು ಹಾಡು ಯಾರಿಗೋ ಹೊಡೆದುಬಿಟ್ಟಿತು, ಮೊದಲ ರಾತ್ರಿಯೇ ಇಡೀ ಸರಣಿ ಮುಗಿಯಿತು. ಉಳಿದವರು ಕೂಪನ್ ಮುಟ್ಟಲೇ ಇಲ್ಲ. ಈಗ ಇರುವುದು ಮೆಟ್ಟಿಲಿನ ಲೆಕ್ಕ: ಗ್ಯಾಪ್ ಜಾಸ್ತಿಯಾದಂತೆ ಅಂಕ ಏರುತ್ತದೆ, ಒಂದು ಹಂತದ ಮೇಲೆ ಏರುವುದಿಲ್ಲ. ಬಸ್ಟ್‌ಔಟ್ (ಬಹಳ ಕಾಲ ಬಾರದೆ ಇದ್ದು ಬಂದ ಹಾಡು) ಹೊಡೆದವನಿಗೆ ಹೆಮ್ಮೆ ಸಿಗಬೇಕು, ಆದರೆ ಸರಿಯಾಗಿ ಐದು ಸಾಮಾನ್ಯ ಹಾಡು ಹೇಳಿದವಳು ಅವನನ್ನು ಹಿಂದೆ ಹಾಕುವಂತಿರಬೇಕು. ಮೆಟ್ಟಿಲು ಎಲ್ಲೆಲ್ಲಿ ಕಡಿದಿದ್ದೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಕಂಡುಹಿಡಿಯೋಕೆ ನನಗೆ ಎರಡು ಚಳಿಗಾಲ ಬೇಕಾಯಿತು. ಒಂದು ಸುಳಿವು ಕೊಡುತ್ತೇನೆ: ಹತ್ತಕ್ಕಿಂತ ಕಡಿಮೆ ಗ್ಯಾಪ್ ಇರುವ ಹಾಡುಗಳ ಮಧ್ಯೆಯೇ ವ್ಯತ್ಯಾಸ ಮಾಡಿ. ಆಟ ನಡೆಯುವುದು ಅಲ್ಲೇ.

ಜಗಳಗಳೂ ಇದ್ದವು. ಕೂಪನ್‌ನಲ್ಲಿ ಟ್ವೀಜರ್ ಅನ್ನುವ ಹಾಡು ಬರೆದವನು ಅದರ ರಿಪ್ರೈಸ್ (ಅದೇ ಹಾಡಿನ ಗಿಡ್ಡ ಮರುರೂಪ) ಬಂದಾಗ ನನಗೂ ಅಂಕ ಕೊಡಿ ಅನ್ನುತ್ತಾನೆ. ಒಂದು ಹಾಡಿನಿಂದ ಇನ್ನೊಂದಕ್ಕೆ ಜಾರಿ ಮತ್ತೆ ಮೊದಲ ಹಾಡಿಗೆ ಬಂದರೆ ಎರಡು ಸಲ ಎಣಿಸಬೇಕಾ? ಜ್ಯಾಮ್ (ಅಲ್ಲಲ್ಲೇ ಹುಟ್ಟಿಸಿ ಉದ್ದಕ್ಕೆ ನುಡಿಸುವುದು) ಮಧ್ಯೆ ಬೇರೆ ಹಾಡಿನ ನಾಲ್ಕು ಸ್ವರ ತೋರಿಸಿ ಹೋದರೆ ಅದು ಹಾಡಾ? ನಾನು ತೀರ್ಪು ಕೊಡುವುದನ್ನು ಬಿಟ್ಟೆ. ಮಾಕಿಂಗ್‌ಬರ್ಡ್‌ನ ಸ್ವಯಂಸೇವಕರು ಬೆಳಿಗ್ಗೆ ಹೊತ್ತಿಗೆ ಇಟ್ಟ ಸೆಟ್‌ಲಿಸ್ಟ್ ಏನು ಹೇಳುತ್ತದೋ ಅದೇ ಕೊನೆ. ಆ ಸಾಲನ್ನು ಕೂಪನ್ ಮೇಲೇ ಅಚ್ಚು ಹಾಕಿದೆ. ಜಗಳ ಅರ್ಧಕ್ಕರ್ಧ ಕಡಿಮೆಯಾಯಿತು.

ಸುದ್ದಿ ವಿಷಯದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಒಂದೇ. ಒಂದು ಹೊಸವರ್ಷದ ಸರಣಿಯಲ್ಲಿ, ಇವತ್ತು ಇಂಥವರು ಅತಿಥಿಯಾಗಿ ಬಂದು ನುಡಿಸುತ್ತಾರಂತೆ ಅಂತ ಲಾಟ್‌ನಲ್ಲಿ ಕೇಳಿದ್ದನ್ನು ಹಾಳೆಯಲ್ಲಿ ಹಾಕಿದೆ. ಯಾರೂ ಬರಲಿಲ್ಲ. ಮರುದಿನ ಹಾಳೆ ಕೊಡಲು ಹೋದರೆ ಒಬ್ಬ ಹಿರಿಯರು ತಗೊಂಡು, ನೋಡಿ, ಮಡಿಚದೆ ನನ್ನ ಕೈಗೇ ವಾಪಸ್ ಇಟ್ಟರು. ಒಂದು ಮಾತೂ ಆಡಲಿಲ್ಲ. ಅವರು ಸಿಟ್ಟಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆವತ್ತಿನಿಂದ ನಡೆದದ್ದು ಮಾತ್ರ ಸುದ್ದಿ. ನಡೆಯಬಹುದಾದದ್ದೆಲ್ಲ ಕೂಪನ್‌ಗೆ ಸೇರಿದ್ದು.

ಪೆನ್ಸಿಲ್ ಗೊತ್ತಾಗಿದ್ದು 2016ರ ಡಿಸೆಂಬರ್‌ನಲ್ಲಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಹೊರಗೆ. ಚಳಿ. ಒಬ್ಬ ಹುಡುಗ ಕೂಪನ್ ಹಿಡಿದು "ಪೆನ್ ಇದೆಯಾ?" ಅಂದ. ನನ್ನ ಚೀಲದಲ್ಲಿ ಒಂದೇ ಪೆನ್ ಇತ್ತು, ಕೊಟ್ಟೆ. ಅವನು ಗೋಡೆಗೆ ಹಾಳೆ ಒತ್ತಿ, ಗ್ಲೌಸ್ ಬಾಯಲ್ಲಿ ಕಚ್ಚಿಕೊಂಡು ಬರೆದ. ತಿರುಗಿ ನೋಡಿದರೆ ಅವನ ಹಿಂದೆ ಸಾಲು ಬೆಳೆದಿದೆ. ಹನ್ನೊಂದು ಜನ ಎಣಿಸಿದೆ. ಚಳಿಗೆ ಪೆನ್ನಿನ ಶಾಯಿ ಕಟ್ಟಿತು. ಮೂರನೆಯವಳು ಪೆನ್ನನ್ನು ಅಂಗೈಯಲ್ಲಿ ಉಜ್ಜಿ ಉಜ್ಜಿ ಬಿಸಿ ಮಾಡಿದಳು. ಐದನೆಯವನ ಹೊತ್ತಿಗೆ ಬಾಗಿಲು ತೆರೆಯಿತು, ಉಳಿದವರು ಕೂಪನ್ ಜೇಬಿಗೆ ತುರುಕಿ ಒಳಗೆ ಓಡಿದರು. ನನ್ನ ಐದು ವರ್ಷದ ತೊಂದರೆ ಕಣ್ಣೆದುರೇ ನಿಂತಿತ್ತು.

ಮರುದಿನ ಗಾಲ್ಫ್ ಆಡುವವರು ಅಂಕ ಬರೆದುಕೊಳ್ಳುವ ಗಿಡ್ಡ ಪೆನ್ಸಿಲ್ ಕೊಂಡೆ. 144ರ ಡಬ್ಬಿಗೆ 12 ಡಾಲರ್ ಇರಬೇಕು. ಚಳಿಗೆ ಸೀಸ ಕಟ್ಟುವುದಿಲ್ಲ, ಮಳೆಯಲ್ಲಿ ಅಕ್ಷರ ಹರಡುವುದಿಲ್ಲ. ಹಾಳೆ ಜೊತೆ ಪೆನ್ಸಿಲ್ ಕೊಟ್ಟೆ. ಅದಕ್ಕೂ ಮೊದಲು ಸಾಮಾನ್ಯವಾಗಿ ನೂರು ಹಾಳೆಗೆ ಹತ್ತೋ ಹನ್ನೆರಡೋ ಕೂಪನ್ ಬರುತ್ತಿತ್ತು, ಆವತ್ತು ಮೂವತ್ತು ದಾಟಿತು. ಮುಕ್ಕಾಲು ಪಾಲು ಪೆನ್ಸಿಲ್ ವಾಪಸ್ಸೂ ಬಂತು. ಕೂಪನ್ ವಾಪಸ್ ಬರುವಂತೆ ಮಾಡುವ ಇನ್ನೊಂದು ಉಪಾಯವೂ ನನ್ನ ಹತ್ತಿರ ಇದೆ. ಅದು ನನ್ನದಾಗಿಯೇ ಇರಲಿ.

ಇದೆಲ್ಲ ಒಂದಾಗಿ ಫಲ ಕೊಟ್ಟಿದ್ದು 2017ರಲ್ಲಿ. ಜುಲೈ 21ರಿಂದ ಆಗಸ್ಟ್ 6ರವರೆಗೆ ಅದೇ ಗಾರ್ಡನ್‌ನಲ್ಲಿ ಹದಿಮೂರು ಶೋ. ಸರಣಿಯ ಹೆಸರು ಬೇಕರ್ಸ್ ಡಜನ್, ಅಂದರೆ ಹದಿಮೂರು. ರಾತ್ರಿಗೊಂದು ಡೋನಟ್ ರುಚಿ, ಅದಕ್ಕೆ ಹೊಂದುವ ಹಾಡು. ಮೊದಲ ರಾತ್ರಿ ತೆಂಗಿನಕಾಯಿ, ಓಪನರ್ ಕೂಡ ತೆಂಗಿನಕಾಯಿಯ ಹಾಡೇ. ಮನೆ ನ್ಯೂಜೆರ್ಸಿಯಲ್ಲಿ, ಗಾರ್ಡನ್ ಕೆಳಗೇ ಪೆನ್ ಸ್ಟೇಷನ್. ಶೋ ಮುಗಿಸಿ ರೈಲು ಹಿಡಿದು ಮನೆ ಸೇರಿ ಎರಡು ಗಂಟೆವರೆಗೆ ಹಾಳೆ ಜೋಡಿಸುವುದು, ಬೆಳಿಗ್ಗೆ ಜೆರಾಕ್ಸ್ ಅಂಗಡಿ, ಸಂಜೆ ನಾಲ್ಕಕ್ಕೆ 33ನೇ ಬೀದಿಯಲ್ಲಿ ಹಾಜರ್.

ಮೊದಲೆರಡು ರಾತ್ರಿ ಮುನ್ನೂರು ಹಾಳೆ, ತೊಂಬತ್ತು ಕೂಪನ್. ಮೂರನೇ ರಾತ್ರಿಯ ಹಾಳೆ ಜೋಡಿಸುವಾಗ, ಒಂದು ಹಾಡೂ ಎರಡನೇ ಸಲ ಬಂದಿಲ್ಲವಲ್ಲ ಅನ್ನಿಸಿತು. ನಾಲ್ಕನೇ ರಾತ್ರಿ, ಜ್ಯಾಮ್ ತುಂಬಿದ ಡೋನಟ್ ದಿನ, ಮಾಮೂಲಿಗೆ ಮೂರ್ನಾಲ್ಕು ನಿಮಿಷದಲ್ಲಿ ಮುಗಿಯುವ ಒಂದು ಪುಟ್ಟ ಹಾಡನ್ನು ಅರ್ಧ ಗಂಟೆ ಎಳೆದರು. ಮನೋಧರ್ಮ ಅಂದರೆ ಏನು ಅಂತ ಸಂಗೀತ ಕಲಿತ ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಿಲ್ಲ. ಆ ಅರ್ಧ ಗಂಟೆಯನ್ನು ನಾನು ಅವರಿಗೆಲ್ಲ ಕೇಳಿಸಿದ್ದೇನೆ. ಆದರೆ ಸ್ಪರ್ಧೆಗೆ ಕಷ್ಟ ಶುರುವಾಯಿತು. ಬಂದುಹೋದ ಹಾಡು ಮತ್ತೆ ಬರುವುದಿಲ್ಲ ಅಂದರೆ, ಯಾವ ಯಾವ ಹಾಡು ಮುಗಿದಿದೆ ಅಂತ ನೆನಪಿಟ್ಟುಕೊಳ್ಳುವವರು ಯಾರು?

ಐದನೇ ರಾತ್ರಿ ಹಾಳೆಯ ಒಂದು ಕಾಲಂ ಪೂರ್ತಿ ಖಾಲಿ ಮಾಡಿ "ಮುಗಿದ ಹಾಡುಗಳು" ಅಂತ ಪಟ್ಟಿ ಹಾಕಿದೆ. ಅಕಾರಾದಿಯಲ್ಲಿ, ಪಕ್ಕದಲ್ಲಿ ಎಷ್ಟನೇ ರಾತ್ರಿ ಅನ್ನುವ ಅಂಕಿ. ಅರ್ಧ ಗಂಟೆಯಲ್ಲಿ ನಾನೂರು ಹಾಳೆ ಖಾಲಿ. ಜನ ಗುಂಪು ಗುಂಪಾಗಿ ನಿಂತು ಪಟ್ಟಿ ಮೇಲೆ ಬೆರಳಾಡಿಸಿ ಕೂಪನ್ ತುಂಬಿದರು. ಫೋನಿನಲ್ಲೂ ಆ ಪಟ್ಟಿ ಸಿಗುತ್ತಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಫೋನ್ ಒಬ್ಬರ ಕೈಯಲ್ಲಿ ಇರುತ್ತದೆ, ಹಾಳೆ ಮೇಲೆ ನಾಲ್ಕು ಜನ ತಲೆ ಬಗ್ಗಿಸಬಹುದು. ರಾತ್ರಿ ಕಳೆದಂತೆ ಪಟ್ಟಿ ಉದ್ದವಾಯಿತು, ಅಕ್ಷರ ಚಿಕ್ಕದಾಯಿತು. ಹತ್ತನೇ ರಾತ್ರಿ ಹೊತ್ತಿಗೆ ಸುದ್ದಿಯನ್ನೆಲ್ಲ ನಾಲ್ಕು ಸಾಲಿಗೆ ಇಳಿಸಿದೆ. ಕೊನೆಯ ರಾತ್ರಿ ಎಂಟುನೂರು ಹಾಳೆ ಹೋಯಿತು, ಮುನ್ನೂರ ನಲವತ್ತರ ಹತ್ತಿರ ಕೂಪನ್ ಬಂತು. ಈ ಸಂಖ್ಯೆ ಹೇಳುವಾಗ ನನಗೆ ಈಗಲೂ ಹೆಮ್ಮೆ.

ಖರ್ಚಿನ ಲೆಕ್ಕ, ನೆನಪಿನಲ್ಲಿ ಇದ್ದಷ್ಟು: ಅಚ್ಚಿಗೆ 750 ಡಾಲರ್ ಹತ್ತಿರ, ಪೆನ್ಸಿಲ್‌ಗೆ 100, ಪಿನ್‌ಗೆ 250, ಅಂಚೆಗೆ 90. ಪಿನ್ ಅಂದರೆ ಬಹುಮಾನ. ಲಾಟ್‌ನಲ್ಲಿ ಎನಾಮಲ್ ಪಿನ್ ಮಾಡಿ ಮಾರುವವರು ಎಷ್ಟು ಜನ ಇದ್ದಾರೆ ನಿಮಗೇ ಗೊತ್ತು. ಅವರಲ್ಲಿ ಒಬ್ಬರ ಕೈಲಿ ನೂರು ಪಿನ್ ಮಾಡಿಸಿದೆ: ಒಂದು ಕಿವಿ, ಕಿವಿ ಮೇಲೆ ಸಿಕ್ಕಿಸಿದ ಪೆನ್ಸಿಲ್, ಹಿಂದೆ ಕ್ರಮಸಂಖ್ಯೆ. ತಂಡದ ಹೆಸರಿಲ್ಲ, ಗುರುತಿಲ್ಲ. ಅವು ಅವರ ಸ್ವತ್ತು, ಮುಟ್ಟಬಾರದು. ಈ ಪಿನ್ ದುಡ್ಡಿಗೆ ಸಿಗುವುದಿಲ್ಲ, ಗೆದ್ದರೆ ಮಾತ್ರ. ಟಿಕೆಟ್ ಇಟ್ಟಾಗ ಬಾರದ ಜನ ಎರಡೂವರೆ ಡಾಲರಿನ ಪಿನ್‌ಗೆ ಬಂದರು. ಇನ್ನು ಆದಾಯ: ಪಿನ್, ಟೀ ಶರ್ಟ್ ಮಾಡುವವರ ಎರಡಿಂಚಿನ ಜಾಹೀರಾತಿಗೆ 10 ಡಾಲರ್, ರಾತ್ರಿಗೆ ಆರು. ಅದೇ 800 ಹತ್ತಿರ ಆಯಿತು. ತಾವಾಗಿ ಡಬ್ಬಿಗೆ ಹಾಕಿದ್ದು 330. ಹದಿಮೂರು ರಾತ್ರಿಗೆ ನನ್ನ ಕೈಯಿಂದ ಹೋಗಿದ್ದು 60 ಡಾಲರ್, ಮತ್ತೆ ರೈಲಿನ ಖರ್ಚು.

ಕೂಪನ್ ಎಣಿಸುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಒಬ್ಬೊಬ್ಬರ ಕೂಪನ್ ತೆಗೆದುಕೊಂಡು ಏಳು ಹಾಡೂ ನೋಡಬೇಡಿ. ಬೆಳಗಾಗುತ್ತದೆ. ಮೊದಲು ಓಪನರ್ ಸರಿ ಇರುವವು ಒಂದು ಕಟ್ಟು, ಎನ್ಕೋರ್ ಸರಿ ಇರುವವು ಇನ್ನೊಂದು. ಎರಡರಲ್ಲೂ ಇಲ್ಲದವು ಗೆಲ್ಲುವುದು ಅಪರೂಪ, ಅವುಗಳ ಮೇಲೆ ಬರೀ ಕಣ್ಣಾಡಿಸಿದರೆ ಸಾಕು. ಏಳು ಗಂಟೆಗೆ ಪೆಟ್ಟಿಗೆ ಮುಚ್ಚಿ, ಪ್ರತಿ ಕೂಪನ್‌ಗೂ ತಾರೀಖಿನ ರಬ್ಬರ್ ಮುದ್ರೆ ಒತ್ತಿ. ಇಲ್ಲದಿದ್ದರೆ ಓಪನರ್ ಕೇಳಿದ ಮೇಲೆ ಓಪನರ್ ಬರೆಯುವವರು ಹುಟ್ಟಿಕೊಳ್ಳುತ್ತಾರೆ.

ಮಧ್ಯೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಇವತ್ತಿನ ಅತಿ ಉದ್ದದ ಜ್ಯಾಮ್ ಎಷ್ಟು ನಿಮಿಷ ಅಂತ ಕೇಳಿದೆ. ಹಾಡು ಎಲ್ಲಿ ಮುಗಿದು ಮುಂದಿನದು ಎಲ್ಲಿ ಶುರುವಾಯಿತು ಅನ್ನುವುದೇ ತೀರ್ಮಾನವಾಗದೆ ಎರಡೇ ರಾತ್ರಿಗೆ ಕೈಬಿಟ್ಟೆ. ಹಳೇ ಟೇಪ್ ಹಂಚಿಕೊಳ್ಳುವವರ ಪದ್ಧತಿಯಂತೆ, ಖಾಲಿ ಸಿಡಿ ಮತ್ತು ಅಂಚೆ ಚೀಟಿ ಕಳಿಸಿದವರಿಗೆ ಹಳೆಯ ಶೋ ಹಾಕಿ ಕೊಡುತ್ತೇನೆ ಅಂದೆ. ನಾಲ್ಕೇ ಜನ ಕೇಳಿದರು. ಚೆನ್ನಾಗಿ ಹೋಗಿದ್ದು ಕೌಚ್ ಟೂರ್ ಕಾರ್ಡ್. ಮನೆಯಲ್ಲೇ ಕೂತು ಶೋ ನೋಡುವವರು ತಮ್ಮ ಊಹೆಯನ್ನು ಪೋಸ್ಟ್ ಕಾರ್ಡಿನಲ್ಲಿ ಬರೆದು ಕಳಿಸಬೇಕು, ಅಂಚೆ ಮುದ್ರೆಯ ತಾರೀಖು ಶೋಗಿಂತ ಹಿಂದಿನದ್ದಿರಬೇಕು. 2017ರಲ್ಲಿ ಕಾರ್ಡಿಗೆ 34 ಸೆಂಟ್. ಕಷ್ಟ ಏನು ಅಂದರೆ, ಅರ್ಧ ಕಾರ್ಡುಗಳಲ್ಲಿ ಮುದ್ರೆ ಅಳಿಸಿಹೋಗಿರುತ್ತದೆ. ಈಗ ಶೋ ಮುಗಿಯುವ ಮುಂಚೆ ನನ್ನ ಅಂಚೆಪೆಟ್ಟಿಗೆಗೆ ಬಂದಿದ್ದರೆ ಮಾತ್ರ ಲೆಕ್ಕ. 2024ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನ ಸ್ಫಿಯರ್‌ನಲ್ಲಿ ನಾಲ್ಕು ರಾತ್ರಿ ನುಡಿಸಿದಾಗ ಕಾರ್ಡ್ 53 ಸೆಂಟ್ ಆಗಿತ್ತು, ಆದರೂ ನೂರಿಪ್ಪತ್ತು ಬಂದವು. ಅಲ್ಲೂ ಒಂದು ಹಾಡೂ ಮರುಕಳಿಸಲಿಲ್ಲ, 68 ಹಾಡು. ನನ್ನ ಹಳೇ ಆಟಗಾರರು ಎರಡನೇ ರಾತ್ರಿಯೇ ಅದನ್ನು ಹಿಡಿದಿದ್ದರು.

ಅಂಚೆ ಮೇಲೆ ನನಗೆ ಪ್ರೀತಿ ಜಾಸ್ತಿ. 1971ರಲ್ಲಿ ಗ್ರೇಟ್‌ಫುಲ್ ಡೆಡ್ ತಂಡ ತನ್ನ ಆಲ್ಬಂನ ಒಳಗೆ, ನಿಮ್ಮ ಹೆಸರು ವಿಳಾಸ ಕಳಿಸಿ ಅಂತ ಕೇಳುಗರನ್ನು ಕೇಳಿತ್ತು. ಡೆಡ್‌ಹೆಡ್‌ಗಳ, ಅಂದರೆ ಆ ತಂಡದ ಅಭಿಮಾನಿಗಳ, ಪಟ್ಟಿ ಬೆಳೆದಿದ್ದು ಹಾಗೆ. ಈಗ ಎಷ್ಟೇ ಸಲೀಸಾದ ದಾರಿ ಇದ್ದರೂ, ಕೈಬರಹದ ಏಳು ಹಾಡಿನ ಕಾರ್ಡ್ ಬಾಗಿಲಿಗೆ ಬಂದಾಗ ಆಗುವ ಸಂತೋಷ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಬೇಕರ್ಸ್ ಡಜನ್ ಮುಗಿದ ಮೇಲೂ ಒಂದು ಕೆಲಸ ಉಳಿದಿತ್ತು. ಹದಿಮೂರನೇ ರಾತ್ರಿಯ ಹಾಡುಗಳು ಯಾವ ಹಾಳೆಯಲ್ಲೂ ಬಂದಿರಲಿಲ್ಲ. ಹದಿನಾಲ್ಕನೇ ಹಾಳೆ ಬೇಕು ಅಂತ 160 ಜನ ವಿಳಾಸ ಮತ್ತು 49 ಸೆಂಟಿನ ಅಂಚೆ ಚೀಟಿ ಕೊಟ್ಟಿದ್ದರು. ಒಟ್ಟು 237 ಹಾಡು. ಅಷ್ಟನ್ನೂ ಒಂದೇ ಬದಿಗೆ ಹಿಡಿಸಲು ಒಂದು ವಾರ ಹಿಡಿಯಿತು. ಕಸದ ಡಬ್ಬಿಗೆ ಹೋಗುತ್ತೆ ಅಂದಿದ್ದ ನಮ್ಮ ಯಜಮಾನರು ಕನ್ನಡಕ ಹಾಕಿಕೊಂಡು, ಅಳತೆ ಪಟ್ಟಿ ಇಟ್ಟು, ಒಂದೊಂದು ಸಾಲು ಕೆಳಗಿಳಿಸುತ್ತಾ ಎಣಿಸಿದರು. 236 ಬಂತು. ಮತ್ತೆ ಎಣಿಸಿದರು, ಮತ್ತೆ 236. ರಾತ್ರಿ ಹನ್ನೊಂದಕ್ಕೆ ಇಬ್ಬರೂ ಹದಿಮೂರು ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡು ಕೂತೆವು. ಬಿಟ್ಟುಹೋಗಿದ್ದ ಹಾಡು ಏಳನೇ ರಾತ್ರಿಯದ್ದು. ಅದನ್ನು ಸೇರಿಸಿದೆ. ಅವರು ಮೂರನೇ ಸಲ ಎಣಿಸಿ, "ಈಗ ಸರಿ ಇದೆ, ಕೊಡು, ಕವರ್‌ಗೆ ನಾನು ಹಾಕ್ತೀನಿ" ಅಂದರು.